ಕರೆಂಟ್ ಹೋದ ಗಳಿಗೆಯ ಲೆಕ್ಕ

ಮಂಡ್ಯ, ಮದ್ದೂರು, ಮಳವಳ್ಳಿಗಳ ಪತ್ರಿಕಾ ಓದುಗರಿಗೆ 'ವಿದ್ಯುತ್ ವ್ಯತ್ಯಯ' ಎಂಬ ಪುಟ್ಟ ಶೀರ್ಷಿಕೆ ಹೊಸತಲ್ಲ. ಒಳಪುಟದ ಒಂದು ಮೂಲೆಯಲ್ಲಿ, ಉಪಕೇಂದ್ರದ ಹೆಸರು, ತುರ್ತು ಕಾಮಗಾರಿಯ ಕಾರಣ, ಬೆಳಿಗ್ಗೆಯಿಂದ ಸಂಜೆಯವರೆಗಿನ ಸಮಯ, ಕೊನೆಯಲ್ಲಿ ಊರುಗಳ ಉದ್ದ ಪಟ್ಟಿ, 'ಗ್ರಾಹಕರು ಸಹಕರಿಸಬೇಕು' ಎಂಬ ವಿನಂತಿ. ಇದು ಹೇಳಿ ಹೋಗುವ ಕರೆಂಟ್. ಹೇಳದೆ ಹೋಗುವ ಕರೆಂಟಿಗೆ ಯಾವ ಪತ್ರಿಕೆಯಲ್ಲೂ ಜಾಗವಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದಾಗ, ಟ್ರಾನ್ಸ್‌ಫಾರ್ಮರ್ ಸುಟ್ಟಾಗ, ವೋಲ್ಟೇಜ್ ಕುಸಿದು ಟ್ಯೂಬ್‌ಲೈಟ್ ಮಿಣಮಿಣ ಎನ್ನತೊಡಗಿದಾಗ ಯಾರ ಸಹಕಾರವನ್ನೂ ಯಾರೂ ಕೋರುವುದಿಲ್ಲ. ಆದರೆ ಆ ಗಳಿಗೆಗಳಿಗೂ ಒಂದು ಬೆಲೆಯಿದೆ. ಅದನ್ನು ತೆರುವವರು ಯಾರು ಎಂಬುದನ್ನು ಲೆಕ್ಕ ಹಾಕಿದವರು ಮಾತ್ರ ಕಡಿಮೆ.

ವಿಪರ್ಯಾಸವೆಂದರೆ ಈ ನಾಡಿಗೆ ವಿದ್ಯುತ್ತನ್ನು ಪರಿಚಯಿಸಿದ್ದೇ ಈ ನೆಲ. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮುಕುವಲ್ಲಿ 1902ರಲ್ಲಿ ವಿದ್ಯುದಾಗಾರ ಆರಂಭವಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯದು. ಅಲ್ಲಿ ಹುಟ್ಟಿದ ವಿದ್ಯುತ್ ಮೊದಲು ಹರಿದದ್ದು ಪಕ್ಕದ ಹಳ್ಳಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಉರಿದದ್ದೂ ಇದೇ ನೀರಿನ ಬಲದಿಂದ. ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ನೀರಾವರಿಯೊಂದಿಗೆ ಈ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ದೊರಕಿಸುವುದೂ ಸೇರಿತ್ತು. 1940ರಲ್ಲಿ ಅದೇ ತಾಲೂಕಿನ ಶಿಂಷಾದಲ್ಲಿ ಮತ್ತೊಂದು ಉತ್ಪಾದನಾ ಕೇಂದ್ರ ಬಂತು. ಗಣಿ 2001ರಲ್ಲಿ ಮುಚ್ಚಿತು. ಬೆಂಗಳೂರು ಬೆಳೆದು ಬೆಟ್ಟವಾಯಿತು. ಆದರೆ ಮಳವಳ್ಳಿಯ ಪೇಟೆಯಲ್ಲಿ ಸಂಜೆ ದೀಪ ಆರಿದರೆ ಅಂಗಡಿಯಾತ ಇಂದೂ ಕೈಬೀಸಣಿಗೆ ಹುಡುಕುತ್ತಾನೆ. ವಿದ್ಯುತ್ತು ಹುಟ್ಟುವ ಊರು ಮತ್ತು ವಿದ್ಯುತ್ತು ನಿಲ್ಲುವ ಊರು ಬೇರೆ ಬೇರೆ ಎಂಬುದು ಶತಮಾನದ ಹಿಂದೆಯೇ ತೀರ್ಮಾನವಾಗಿತ್ತು.

ಕರೆಂಟ್ ಹೋದರೆ ಎಲ್ಲರಿಗೂ ಕಷ್ಟವೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಎಲ್ಲರಿಗೂ ಒಂದೇ ಬಗೆಯ ಕಷ್ಟವಲ್ಲ. ತಿಂಗಳ ಸಂಬಳದವನಿಗೆ ಅದು ಸೆಖೆ. ದಿನದ ಗಳಿಕೆಯವನಿಗೆ ಅದು ಕೂಲಿಯ ನಷ್ಟ. ದೇಶದ ಮುಸ್ಲಿಮರಲ್ಲಿ ಸ್ವಂತ ದುಡಿಮೆಯವರ ಪ್ರಮಾಣ ಇತರರಿಗಿಂತ ಹೆಚ್ಚೆಂದೂ, ಮನೆಯೊಳಗೇ ಕುಳಿತು ದುಡಿಯುವ ಮಹಿಳೆಯರ ಪ್ರಮಾಣವೂ ಹೆಚ್ಚೆಂದೂ 2006ರಲ್ಲಿ ಸಾಚಾರ್ ಸಮಿತಿಯ ವರದಿ ತಿಳಿಸಿತ್ತು. ಇದನ್ನು ಅರಿಯಲು ವರದಿಯನ್ನೇ ಓದಬೇಕಾಗಿಲ್ಲ. ನಮ್ಮ ಯಾವುದೇ ಪೇಟೆಯ ಮಸೀದಿ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಟೈಲರ್ ಅಂಗಡಿ, ಮೊಬೈಲ್ ರಿಪೇರಿ, ಪಂಕ್ಚರ್ ಅಂಗಡಿ, ಮಾಂಸದಂಗಡಿ, ಜ್ಯೂಸ್ ಅಂಗಡಿ, ಮನೆಯ ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಕ್ಕಳು. ಈದ್‌ನ ಮುನ್ನಾ ವಾರ ಎರಡು ಮಧ್ಯಾಹ್ನ ಕರೆಂಟ್ ಇಲ್ಲದಿದ್ದರೆ ಒಬ್ಬ ಟೈಲರ್‌ಗೆ ಆಗುವ ನಷ್ಟ ಇಡೀ ತಿಂಗಳಲ್ಲಿ ತುಂಬಿಬರುವುದಿಲ್ಲ. ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ 2023ರಲ್ಲಿ ಊರ ಹೊರಗಿನಿಂದ ಹಾದುಹೋದ ಮೇಲೆ ಮದ್ದೂರಿನ ಹಳೆಯ ರಸ್ತೆಯ ವ್ಯಾಪಾರಿಗಳು ಮೊದಲೇ ಗಿರಾಕಿಗಳನ್ನು ಕಳಕೊಂಡಿದ್ದಾರೆ. ಉಳಿದ ಗಿರಾಕಿಯನ್ನೂ ಕತ್ತಲೆಯಲ್ಲಿ ಕಳಕೊಳ್ಳುವ ಚೈತನ್ಯ ಅವರಲ್ಲಿಲ್ಲ.

ಇಂಥವರಿಗೆ ಸೂರ್ಯನ ಬಿಸಿಲು ಉತ್ತರವಾಗಬೇಕಿತ್ತು. ಮಂಡ್ಯ ಜಿಲ್ಲೆಗೆ ಮಳೆ ಕಡಿಮೆ, ಬಿಸಿಲು ಧಾರಾಳ. ಒಂದು ಕಿಲೋವ್ಯಾಟ್‌ನ ಸೌರಫಲಕ ನಮ್ಮ ಹವೆಯಲ್ಲಿ ದಿನಕ್ಕೆ ಸರಾಸರಿ 4 ಯೂನಿಟ್‌ನಷ್ಟು ವಿದ್ಯುತ್ ಕೊಡುತ್ತದೆ. ಅದಕ್ಕೆ ಬೇಕಾದ ಜಾಗ ಸುಮಾರು 100 ಚದರ ಅಡಿ. 2010ರ ನಂತರದ ಹತ್ತು ವರ್ಷಗಳಲ್ಲಿ ಜಗತ್ತಿನಾದ್ಯಂತ ಫಲಕದ ಬೆಲೆ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇಳಿದಿದೆ. ಹೀಗಿದ್ದೂ ಪೇಟೆಯ ಸಣ್ಣ ಅಂಗಡಿಯ ಮೇಲೆ ಫಲಕ ಕಾಣಿಸದಿರುವುದೇಕೆ? ಬಿಸಿಲಿನ ಕೊರತೆಯಿಂದಲ್ಲ, ಯೋಜನೆ ಮಾಡುವವರ ದೃಷ್ಟಿಯ ಕೊರತೆಯಿಂದ.

ಕೇಂದ್ರ ಸರಕಾರ 2024ರ ಫೆಬ್ರವರಿಯಲ್ಲಿ ಪ್ರಕಟಿಸಿದ 'ಪಿಎಂ ಸೂರ್ಯ ಘರ್' ಯೋಜನೆಯನ್ನು ನೋಡಿ. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಗಳ ವೆಚ್ಚ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ರೂಪಾಯಿ ಸಹಾಯಧನ. ಯೋಜನೆ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಆದರೆ ಅದು ಮನೆಗೆ, ಅದರಲ್ಲೂ ಸ್ವಂತ ಛಾವಣಿಯಿರುವ ಮನೆಗೆ. ಅಂಗಡಿಗೆ ಇಲ್ಲ. ಬಾಡಿಗೆ ಮನೆಯವನಿಗೆ ಛಾವಣಿಯೇ ಇಲ್ಲ. ಇನ್ನು ರಾಜ್ಯ ಸರಕಾರದ ಗೃಹಜ್ಯೋತಿ. 2023ರ ಆಗಸ್ಟ್‌ನಿಂದ ಮನೆಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ, ಅವರವರ ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿದ ಮಿತಿಯೊಳಗೆ, ಉಚಿತ ವಿದ್ಯುತ್. ಬಡ ಗೃಹಿಣಿಗೆ ಅದು ದೊಡ್ಡ ನೆಮ್ಮದಿ; ಬಾಡಿಗೆದಾರರನ್ನೂ ಒಳಗೊಂಡದ್ದು ಅದರ ಹಿರಿಮೆ. ಆದರೆ ಬಿಲ್ಲೇ ಬಾರದ ಮನೆಯವನು ಬಿಲ್ಲು ಉಳಿಸಲೆಂದು ಸಾಲ ಮಾಡಿ ಫಲಕ ಹಾಕಿಸುತ್ತಾನೆಯೇ? ಒಂದು ಸರಕಾರ ಛಾವಣಿಗೆ ಹಣ ಕೊಡುತ್ತದೆ, ಇನ್ನೊಂದು ಆ ಹಣದ ಅಗತ್ಯವನ್ನೇ ಇಲ್ಲವಾಗಿಸುತ್ತದೆ. ಇವೆರಡರ ನಡುವೆ ವಾಣಿಜ್ಯ ದರದಲ್ಲಿ ಬಿಲ್ಲು ಕಟ್ಟುವ ಎಂಟಡಿ-ಹತ್ತಡಿಯ ಅಂಗಡಿಯಾತ ಯಾರ ಕಣ್ಣಿಗೂ ಬೀಳಲಿಲ್ಲ.

ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಸಹಾಯಧನದ ಯೋಜನೆಯಲ್ಲಿ ಸಾಮಾನ್ಯವಾಗಿ ಹಾಕುವ ವ್ಯವಸ್ಥೆ ಸರಕಾರಿ ತಂತಿಗೆ ಜೋಡಿಸಿದಂಥದ್ದು. ಹಗಲು ಉತ್ಪಾದನೆಯಾದ ವಿದ್ಯುತ್ತು ಮನೆಯಲ್ಲಿ ಬಳಕೆಯಾಗಿ ಮಿಕ್ಕಿದ್ದು ತಂತಿಗೆ ಹೋಗುತ್ತದೆ, ಮೀಟರು ಅದನ್ನು ಲೆಕ್ಕವಿಡುತ್ತದೆ. ಸರಿ, ತಂತಿಯಲ್ಲಿ ಕರೆಂಟ್ ಹೋದರೆ? ನೆತ್ತಿಯ ಮೇಲೆ ಸುಡುವ ಸೂರ್ಯನಿದ್ದರೂ ಇನ್ವರ್ಟರ್ ತನ್ನಷ್ಟಕ್ಕೆ ನಿಂತುಬಿಡುತ್ತದೆ. ಇದು ದೋಷವಲ್ಲ, ನಿಯಮ. ಕಂಬದ ಮೇಲೆ ಹತ್ತಿ ರಿಪೇರಿ ಮಾಡುವ ಲೈನ್‌ಮನ್‌ನ ಜೀವ ಉಳಿಸಲು ಮಾಡಿದ ಏರ್ಪಾಡು. ಕೆಳಗಿನ ಮನೆಯಿಂದ ಹಿಮ್ಮುಖವಾಗಿ ಕರೆಂಟ್ ಹರಿದರೆ ಆತನ ಗತಿಯೇನು? ಆದ್ದರಿಂದ ಈ ವ್ಯವಸ್ಥೆ ಬಿಲ್ಲನ್ನು ಇಳಿಸುತ್ತದೆಯೇ ಹೊರತು ಕತ್ತಲೆಯನ್ನು ಓಡಿಸುವುದಿಲ್ಲ. ಕರೆಂಟ್ ಹೋದಾಗಲೂ ದೀಪ ಉರಿಯಬೇಕಾದರೆ ಬ್ಯಾಟರಿ ಬೇಕು, ಬ್ಯಾಟರಿಗೆ ಹೊಂದುವ ಹೈಬ್ರಿಡ್ ಅಥವಾ ಸ್ವತಂತ್ರ ಇನ್ವರ್ಟರ್ ಬೇಕು. ಸಹಾಯಧನದ ಲೆಕ್ಕ ನಡೆಯುವುದು ಫಲಕದ ಕಿಲೋವ್ಯಾಟ್ ಮೇಲೆ. ಬ್ಯಾಟರಿಗೆಂದು ಅದರಲ್ಲಿ ಪ್ರತ್ಯೇಕ ಹಣವಿಲ್ಲ. ಅಂದರೆ ಕರೆಂಟ್ ಸರಿಯಾಗಿ ಬರುವವನಿಗೆ ಲಾಭ, ಬಾರದವನಿಗೆ ಸಬೂಬು.

ಈ ಸರಳ ಸತ್ಯವನ್ನು ಮಾರಾಟಗಾರರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಛಾವಣಿಯ ಮೇಲೆ ಹೊಳೆಯುವ ಫಲಕ ಹಾಕಿಸಿ, ಮೊದಲ ಸಲ ಕರೆಂಟ್ ಹೋದ ದಿನ ತಲೆಗೆ ಕೈಹೊತ್ತು ಕುಳಿತವರಿದ್ದಾರೆ. ಓದುಗರಲ್ಲಿ ಯಾರಾದರೂ ಸೋಲಾರ್ ಹಾಕಿಸಲು ಹೊರಟಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದ್ದಲ್ಲ. 'ಲೈನ್‌ನಲ್ಲಿ ಕರೆಂಟ್ ಇಲ್ಲದಾಗ ಇದು ನಡೆಯುತ್ತದೆಯೇ? ಎಷ್ಟು ಹೊತ್ತು? ಯಾವ ಯಾವ ಉಪಕರಣ?' ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು.

ಹಾಗಾದರೆ ಸಣ್ಣ ಅಂಗಡಿಗೆ ಎಷ್ಟು ಬೇಕು? ಮಳವಳ್ಳಿಯ ಒಬ್ಬ ಟೈಲರ್‌ನನ್ನು ಊಹಿಸೋಣ. 9 ವ್ಯಾಟ್‌ನ ಎರಡು ಎಲ್‌ಇಡಿ ಬಲ್ಬು, 30 ವ್ಯಾಟ್‌ನ ಒಂದು ಬಿಎಲ್‌ಡಿಸಿ ಫ್ಯಾನ್, 80ರಿಂದ 100 ವ್ಯಾಟ್‌ನ ಸಣ್ಣ ಮೋಟಾರು ಅಳವಡಿಸಿದ ಹೊಲಿಗೆ ಯಂತ್ರ. ನಾಲ್ಕು ಗಂಟೆ ಕರೆಂಟ್ ಇಲ್ಲವೆಂದುಕೊಳ್ಳಿ. ಬಲ್ಬು ಮತ್ತು ಫ್ಯಾನಿಗೆ ಒಟ್ಟು 200 ವ್ಯಾಟ್-ಗಂಟೆಗೆ ತುಸು ಕಡಿಮೆ. ಯಂತ್ರ ಎಡೆಬಿಡದೆ ತಿರುಗುವುದಿಲ್ಲ. ಬಟ್ಟೆ ಕತ್ತರಿಸುವ, ಕಾಜಾ ಮಾಡುವ, ಗಿರಾಕಿಯೊಂದಿಗೆ ಮಾತಾಡುವ ಹೊತ್ತನ್ನು ಕಳೆದರೆ ಎರಡು ಗಂಟೆಯ ಓಟ. ಎಲ್ಲ ಕೂಡಿದರೆ ಅರ್ಧ ಯೂನಿಟ್ಟಿಗಿಂತಲೂ ಕಡಿಮೆ. 12 ವೋಲ್ಟ್, 100 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯನ್ನು ಅರ್ಧದಷ್ಟು ಮಾತ್ರ ಖಾಲಿ ಮಾಡಿದರೂ ಇದು ದಕ್ಕುತ್ತದೆ. ಆ ಬ್ಯಾಟರಿಯನ್ನು ತುಂಬಿಸಲು 200 ವ್ಯಾಟ್‌ನ ಒಂದು ಫಲಕ ಸಾಕು. ಮೂರು ಕಿಲೋವ್ಯಾಟ್ ಬೇಡ, ಛಾವಣಿ ಪೂರ್ತಿ ಬೇಡ. ಅಂಗಡಿಯಲ್ಲಿ ಈಗಾಗಲೇ ಯುಪಿಎಸ್ ಇದ್ದರೆ ಕೆಲಸ ಇನ್ನೂ ಸುಲಭ. ಆ ಬ್ಯಾಟರಿಗೇ ಒಂದು ಫಲಕ ಮತ್ತು ಚಾರ್ಜ್ ಕಂಟ್ರೋಲರ್ ಜೋಡಿಸಬಹುದು. ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ಇಲ್ಲದ ದಿನ ಬರೀ ಯುಪಿಎಸ್ ಮಧ್ಯಾಹ್ನಕ್ಕೇ ಸೋಲುತ್ತದೆ. ಫಲಕವಿದ್ದರೆ ಅದೇ ದಿನ ಅದು ತುಂಬುತ್ತಲೂ ಇರುತ್ತದೆ.

ಎಲ್ಲರಿಗೂ ಈ ಲೆಕ್ಕ ನಡೆಯದು ಎಂಬುದನ್ನೂ ಹೇಳಲೇಬೇಕು. ವೆಲ್ಡಿಂಗ್ ಅಂಗಡಿಗೆ, ಹಿಟ್ಟಿನ ಗಿರಣಿಗೆ ಹಲವು ಕಿಲೋವ್ಯಾಟ್ ಬೇಕು. ಅವರಿಗೆ ಬ್ಯಾಟರಿಯ ಖರ್ಚು ಗಿಟ್ಟುವುದಿಲ್ಲ. ಅವರಿಗೆ ಬೇಕಾಗಿರುವುದು ಸರಿಯಾದ ಸರಕಾರಿ ಕರೆಂಟೇ. ಹಾಗೆಯೇ ಜೂನ್‌ನಿಂದ ಮೋಡ ಕವಿದ ದಿನಗಳಲ್ಲಿ ಫಲಕ ಕಡಿಮೆ ಕೊಡುತ್ತದೆ. ಬ್ಯಾಟರಿಗೆ ಆಯುಷ್ಯವಿದೆ, ನೀರು ಹಾಕುವ ಬ್ಯಾಟರಿಯಾದರೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಬೇಕು, ಫಲಕದ ಮೇಲಿನ ಧೂಳು ಒರೆಸಬೇಕು. ಒಂದು ಕಾಲದಲ್ಲಿ ಉದ್ಘಾಟನೆಯ ಸಂಭ್ರಮದಲ್ಲಿ ನೆಟ್ಟ ಎಷ್ಟೋ ಸೌರ ಬೀದಿದೀಪಗಳು ಇಂದು ಬ್ಯಾಟರಿ ಸತ್ತು, ಪೆಟ್ಟಿಗೆ ಬಾಯ್ದೆರೆದು ನಿಂತಿವೆ. ಕೊಟ್ಟವರು ರಿಬ್ಬನ್ ಕತ್ತರಿಸಿ ಹೋದರು, ಕಾಯುವವರನ್ನು ಯಾರೂ ನೇಮಿಸಲಿಲ್ಲ.

ಈ ಪಾಠವನ್ನು ಕಲಿಸಿದ್ದು ಕರ್ನಾಟಕದ್ದೇ ಒಂದು ಪ್ರಯೋಗ. ಹರೀಶ್ ಹಂದೆಯವರು 1995ರಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆ, ಬಡವರು ಸೌರಶಕ್ತಿ ಕೊಳ್ಳಲಾರರು, ಕೊಂಡರೆ ನಿರ್ವಹಿಸಲಾರರು ಎಂಬ ಮಾತನ್ನು ಸುಳ್ಳು ಮಾಡಹೊರಟಿತು. 2005 ಮತ್ತು 2007ರಲ್ಲಿ ಬ್ರಿಟನ್‌ನ ಆಶ್ಡೆನ್ ಪ್ರಶಸ್ತಿ ಅದಕ್ಕೆ ಸಂದಿತು, 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶಸ್ತಿಗಳಿಗಿಂತ ಮುಖ್ಯವಾದದ್ದು ಆ ಸಂಸ್ಥೆ ಹಿಡಿದ ದಾರಿ. ಅದು ಗ್ರಾಮೀಣ ಬ್ಯಾಂಕುಗಳ, ಸಹಕಾರಿ ಸಂಘಗಳ ಬಾಗಿಲು ತಟ್ಟಿ, ದೀಪಕ್ಕೂ ಸಾಲ ಕೊಡಬಹುದೆಂದು ಒಪ್ಪಿಸಿತು. ಸೇವೆಗೆ ಹತ್ತಿರದ ಊರಲ್ಲೇ ಶಾಖೆ ತೆರೆಯಿತು. ತಿಂಗಳಿಗೆ 300 ರೂಪಾಯಿ ಎಂದರೆ ಭಾರ, ದಿನಕ್ಕೆ 10 ರೂಪಾಯಿ ಎಂದರೆ ಕಟ್ಟಬಲ್ಲೆ ಎಂಬ ಬೀದಿ ವ್ಯಾಪಾರಿಯ ಮಾತಿನಿಂದ ತಾನು ಕಲಿತುದಾಗಿ ಹಂದೆ ಹಲವೆಡೆ ಹೇಳಿದ್ದಾರೆ. ಗಣಿತದಲ್ಲಿ ಎರಡೂ ಒಂದೇ. ಬದುಕಿನಲ್ಲಿ ಒಂದೇ ಅಲ್ಲ, ಏಕೆಂದರೆ ಆ ವ್ಯಾಪಾರಿಯ ಆದಾಯ ಬರುವುದೇ ದಿನಲೆಕ್ಕದಲ್ಲಿ. ಹಗಲಿಡೀ ಬ್ಯಾಟರಿಗಳನ್ನು ಬಿಸಿಲಲ್ಲಿ ತುಂಬಿಸಿ, ಸಂಜೆ ತಳ್ಳುಗಾಡಿಗಳಿಗೆ ದೀಪ ಸಮೇತ ದಿನಬಾಡಿಗೆಗೆ ಕೊಡುವ ಸಣ್ಣ ಉದ್ಯೋಗವೂ ಇದೇ ಚಿಂತನೆಯಿಂದ ಹುಟ್ಟಿತು. ಮದ್ದೂರಿನ ವಡೆ, ಹಣ್ಣು, ಎಳನೀರಿನ ಗಾಡಿಗಳ ಸಾಲಿನಲ್ಲಿ ಇಂಥದ್ದೊಂದನ್ನು ನಡೆಸಲು ಒಬ್ಬ ನಿರುದ್ಯೋಗಿ ತರುಣ ಸಾಕು.

ಆದರೆ ಸಾಲದ ಮಾತು ಬಂದಕೂಡಲೇ ನಮ್ಮ ಮನೆಗಳಲ್ಲಿ ಎರಡು ಗೋಡೆಗಳು ಎದ್ದು ನಿಲ್ಲುತ್ತವೆ. ಒಂದು ಬ್ಯಾಂಕಿನದ್ದು. ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಿರುವ ಪ್ರದೇಶಗಳನ್ನು ಸಾಲಕ್ಕೆ ಯೋಗ್ಯವಲ್ಲದ ವಲಯಗಳೆಂದು ಗುರುತಿಸಿದ್ದನ್ನು ಸಾಚಾರ್ ವರದಿಯೇ ದಾಖಲಿಸಿದೆ. ಇನ್ನೊಂದು ನಮ್ಮದೇ ಬಡ್ಡಿಯ ಭಯ, ಅದು ನ್ಯಾಯವಾದ ಭಯವೇ. ಆದರೆ ಬಡ್ಡಿಯ ಸಾಲ ಬೇಡವೆಂದು ಬ್ಯಾಂಕಿಗೆ ಹೋಗದವನು ಕೊನೆಗೆ ಎಲ್ಲಿಗೆ ಹೋಗುತ್ತಾನೆ? ಎಷ್ಟೋ ಸಲ ಮೀಟರ್ ಬಡ್ಡಿಯವನ ಬಳಿಗೆ. ಇದಕ್ಕಿಂತ ದೊಡ್ಡ ಕಪಟ ಇನ್ನೊಂದಿಲ್ಲ. ಹಲಾಲ್ ಹೂಡಿಕೆಯೆಂಬ ಹೆಸರಿನಲ್ಲಿ ನಡೆದು 2019ರ ಜೂನ್‌ನಲ್ಲಿ ಕುಸಿದ ಬೆಂಗಳೂರಿನ ಐಎಂಎ ಹಗರಣದ ಗಾಯ ಇನ್ನೂ ಮಾಗಿಲ್ಲ. ಸಮುದಾಯದ ಹಣದ ಸಂಸ್ಥೆಯೆಂದರೆ ಜನ ಬೆಚ್ಚುವುದು ಸಹಜ. ಇಲ್ಲಿ ಬೇಕಾಗಿರುವುದು ಠೇವಣಿಯೂ ಅಲ್ಲ, ಲಾಭದ ಆಮಿಷವೂ ಅಲ್ಲ. ಸಂಘವೊಂದು ಫಲಕ ಮತ್ತು ಬ್ಯಾಟರಿಯನ್ನು ತಾನೇ ಕೊಂಡು, ಮೊದಲೇ ಒಪ್ಪಿದ ಬೆಲೆಗೆ ಅಂಗಡಿಯಾತನಿಗೆ ಮಾರಿ, ದಿನಕ್ಕೆ ಇಷ್ಟೆಂದು ಕಂತಿನಲ್ಲಿ ವಸೂಲು ಮಾಡುವುದು. ಇಲ್ಲಿ ಕೈ ಬದಲಾಯಿಸುವುದು ವಸ್ತು. ಅದು ಅಂಗಡಿಯ ಮೇಲೆಯೇ ಎಲ್ಲರ ಕಣ್ಣಿಗೆ ಕಾಣುವಂತೆ ಇರುತ್ತದೆ. ಲೆಕ್ಕವನ್ನು ತಿಂಗಳಿಗೊಮ್ಮೆ ಗೋಡೆಗೆ ಅಂಟಿಸಿದರೆ ಸಂಶಯಕ್ಕೆ ಎಡೆಯಿಲ್ಲ.

ಈ ಮಾತನ್ನು ನಾವು ಮಸೀದಿ ಕಮಿಟಿಗಳಿಗೇ ನೇರವಾಗಿ ಹೇಳಬಯಸುತ್ತೇವೆ. ಅನೇಕ ಊರುಗಳಲ್ಲಿ ಮಸೀದಿಗೆ ಸೇರಿದ ವಕ್ಫ್ ಮಳಿಗೆಗಳಿವೆ. ಅಲ್ಲಿನ ಬಾಡಿಗೆದಾರ ಟೈಲರ್, ರಿಪೇರಿಯಾತ, ಬೇಕರಿಯವನು ತಮ್ಮ ತಲೆಯ ಮೇಲಿನ ಛಾವಣಿಯನ್ನು ಮುಟ್ಟುವಂತಿಲ್ಲ. ಆ ಛಾವಣಿ ಕಮಿಟಿಯದ್ದು, ಹೆಚ್ಚಿನ ಕಡೆ ಅದು ಖಾಲಿ ಬಿದ್ದಿದೆ, ಅಥವಾ ಮುರಿದ ಕುರ್ಚಿ, ಹಳೆಯ ಚಾಪೆಗಳನ್ನು ಹೊತ್ತಿದೆ. ಹತ್ತು ಮಳಿಗೆಗಳಿಗೆ ನಾಲ್ಕು ಗಂಟೆಯ ದೀಪ, ಫ್ಯಾನು, ಸಣ್ಣ ಯಂತ್ರದ ಅಗತ್ಯ ಸುಮಾರು 4 ಯೂನಿಟ್. ಒಂದೂವರೆ ಕಿಲೋವ್ಯಾಟ್ ಫಲಕ, ಅದಕ್ಕೆ ತಕ್ಕ ಬ್ಯಾಟರಿ, 150 ಚದರ ಅಡಿ ಜಾಗ. ಬಾಡಿಗೆಯೊಂದಿಗೆ ದಿನಕ್ಕೆ ಹತ್ತೋ ಹದಿನೈದೋ ರೂಪಾಯಿ ಸೇರಿಸಿಕೊಂಡರೆ ಬಾಡಿಗೆದಾರ ಸಂತೋಷದಿಂದ ಕೊಡುತ್ತಾನೆ. ಡೀಸೆಲ್ ಜನರೇಟರಿಗೆ ಅವನು ಅದಕ್ಕಿಂತ ಹೆಚ್ಚು ಸುಡುತ್ತಿದ್ದಾನೆ. ಮೀನಾರಕ್ಕೆ ಬಣ್ಣದ ದೀಪದ ಸರ ಹಾಕಿಸಲು ಚಂದಾ ಎತ್ತುವ ಕಮಿಟಿಗಳಿಗೆ ಇದು ಅಸಾಧ್ಯದ ಮಾತಲ್ಲ. ಕತ್ತಲಾದಾಗ ಮಸೀದಿಯೊಳಗೆ ಇನ್ವರ್ಟರ್ ಬೆಳಗುತ್ತಿದ್ದು, ಅದೇ ಮಸೀದಿಯ ಬಾಡಿಗೆದಾರ ಮೇಣದ ಬತ್ತಿಯ ಬೆಳಕಲ್ಲಿ ಸೂಜಿಗೆ ನೂಲು ಪೋಣಿಸುತ್ತಿದ್ದರೆ ಅದನ್ನು ಕಂಡೂ ಕಾಣದಂತೆ ಹೋಗುವುದು ಹೇಗೆ?

ಕಮಿಟಿಗಳಿಗೆ ಹೇಳಿದೆವೆಂದು ಸರಕಾರವನ್ನು ಬಿಟ್ಟುಬಿಡುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೌರಫಲಕಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಸ್ವಾಗತಾರ್ಹ. ಆದರೆ ಬ್ಯಾಟರಿಯ ಮೇಲೆ ನಿಗದಿಯಾದದ್ದು ಶೇ. 18. ಕತ್ತಲೆಯಲ್ಲಿ ಕೆಲಸಕ್ಕೆ ಬರುವ ಭಾಗದ ಮೇಲೆಯೇ ಹೆಚ್ಚಿನ ತೆರಿಗೆ! 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದ್ದಾನೆ. ಉಪಕರಣಕ್ಕೆಂದು 15 ಸಾವಿರ ರೂಪಾಯಿಗಳ ನೆರವಿದೆ. ಹೊಲಿಗೆ ಯಂತ್ರ ಉಪಕರಣವಾದರೆ ಅದನ್ನು ತಿರುಗಿಸುವ ಶಕ್ತಿ ಉಪಕರಣವಲ್ಲವೇ? ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಕುಶಲಕರ್ಮಿಗಳಿಗೆ ಕೊಡುವ ಶ್ರಮಶಕ್ತಿ ಸಾಲ-ಸಹಾಯಧನದ ಅರ್ಜಿಯಲ್ಲಿ ಸೌರ ಬ್ಯಾಟರಿಗೂ ಒಂದು ಸಾಲು ಸೇರಿಸಲು ಯಾವ ಕಾನೂನೂ ತಿದ್ದುಪಡಿಯಾಗಬೇಕಿಲ್ಲ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ 13 ಸಾವಿರ ಎಕರೆಯಷ್ಟು ಒಣಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಕಟ್ಟಿದ ರಾಜ್ಯ ನಮ್ಮದು. ಹಾಗಿದ್ದೂ 2023ರ ಬರಗಾಲದಲ್ಲಿ, ಅಕ್ಟೋಬರ್ ತಿಂಗಳಲ್ಲಿ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಕಾಯ್ದೆಯ ವಿಶೇಷಾಧಿಕಾರ ಬಳಸಬೇಕಾಯಿತು. ಹಗಲಿನ ಬಿಸಿಲು ಎಷ್ಟೇ ಇರಲಿ, ಸಂಜೆಯ ಹೊತ್ತಿಗೆ ಕೂಡಿಡದಿದ್ದರೆ ಕೈಗೆ ಸಿಗುವುದಿಲ್ಲ. ದೊಡ್ಡ ಪಾರ್ಕಿಗೂ ಇದೇ ಮಾತು, ಟೈಲರ್‌ನ ಅಂಗಡಿಗೂ ಇದೇ ಮಾತು.

ಮಂಡ್ಯ, ಮದ್ದೂರು, ಮಳವಳ್ಳಿಯ ಕಮಿಟಿಗಳು ಮುಂದಿನ ಮುಂಗಾರುಪೂರ್ವ ಗಾಳಿಮಳೆ ಬರುವುದರೊಳಗೆ ಒಂದು ಕೆಲಸ ಮಾಡಬಹುದು. ಪ್ರತಿ ವಕ್ಫ್ ಮಳಿಗೆಗೆ ಹೋಗಿ, ಒಂದು ತಿಂಗಳಲ್ಲಿ ಕರೆಂಟ್ ಇಲ್ಲದ ಗಂಟೆಗಳೆಷ್ಟು, ಆ ಗಂಟೆಗಳಲ್ಲಿ ನಿಂತ ಕೆಲಸವೇನು, ಡೀಸೆಲ್ಲಿಗೆ ಹೋದ ಹಣವೆಷ್ಟು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ. ಸೋಲಾರ್ ಅಂಗಡಿಯವನ ಮುಂದೆಯೂ, ಬ್ಯಾಂಕ್ ವ್ಯವಸ್ಥಾಪಕರ ಮುಂದೆಯೂ, ಸೆಸ್ಕ್ ಕಚೇರಿಯ ಗ್ರಾಹಕರ ಸಭೆಯಲ್ಲಿಯೂ ಆ ನೋಟ್‌ಬುಕ್ಕನ್ನೇ ತೆರೆದಿಡಲಿ.